ಅಟ್ಟದ ಕೆಳಗಿನ ಒಲೆ

ತಿಂಗಳ ಮೊದಲ ವಾರ ಬಂತೆಂದರೆ ತೋಂಟದಾರ್ಯನ ಮನೆಯಲ್ಲಿ ಯಾರಿಗೂ ಊಟ ಸರಿಯಾಗಿ ಇಳಿಯುತ್ತಿರಲಿಲ್ಲ. ತಿಪಟೂರಿನ ‘ನೆರಳು’ ಹಿರಿಯರ ನಿವಾಸದಿಂದ ಬಿಲ್ಲು ಬರುತ್ತಿದ್ದುದು ಆಗಲೇ. ಅದು ಬರುತ್ತಿದ್ದುದು ಮಗಳು ಭಾನುಪ್ರಿಯಾಳ ಫೋನಿಗೆ. ಅವಳು ಬಲಗೈಯಲ್ಲಿ ಮುದ್ದೆ ಮುರಿಯುತ್ತ, ಎಡಗೈಯಲ್ಲಿ ಫೋನು ಹಿಡಿದು ಓದುತ್ತಿದ್ದಳು.

“ಊಟ ವಸತಿ ಹದಿನಾಲ್ಕು ಸಾವಿರ. ಡೈಪರ್ ಬೇರೆ. ಕಾಲಿಗೆ ವ್ಯಾಯಾಮ ಮಾಡ್ಸೋರಿಗೆ ಬೇರೆ. ಬಿಸಿನೀರು ಎರಡು ಹೊತ್ತು ಅಂತ ಮುನ್ನೂರು.”

“ಬಿಸಿನೀರಿಗೂ ದುಡ್ಡಾ?” ಹೆಂಡತಿ ಗಿರಿಜಾಂಬಿಕಾ ಸೌಟನ್ನು ಸಾರಿನ ಪಾತ್ರೆಗೆ ಕುಕ್ಕಿದಳು. “ಎರಡು ಹೊತ್ತು ಯಾಕ್ರೀ ಬಿಸಿನೀರು? ನಿಮ್ಮವ್ವ ಏನು ಮದುವಣಗಿತ್ತಿಯಾ?”

“ಕುಡಿಯಾಕೆ ಇರಬೋದು ಕಣೇ,” ಎಂದ ತೋಂಟದಾರ್ಯ.

“ಕುಡಿಯೋಕೆ ಅಂದ್ರೆ ಇನ್ನೂ ಅನ್ಯಾಯ.”

ಹಂದನಕೆರೆಯ ಆ ಮನೆ ಒಂದು ಮನೆಯಲ್ಲ, ಎರಡು. ಮುಂದೆ ತಾರಸಿಯ ಹೊಸಮನೆ, ಹಿಂದೆ ಹೆಂಚಿನ ಹಳೆಮನೆ, ನಡುವೆ ಬಟ್ಟೆ ಒಗೆಯುವ ಕಲ್ಲು. ಹೊಸಮನೆಯಲ್ಲಿ ಗ್ಯಾಸು, ಟೈಲ್ಸು, ತೋಂಟದಾರ್ಯನ ಸಂಸಾರ. ಹಳೆಮನೆಯಲ್ಲಿ ಅವನ ತಾಯಿ ಗುರುಶಾಂತಮ್ಮ, ಆಕೆಯ ಸೌದೆ ಒಲೆ, ಒಲೆಯ ಮೇಲೆ ಬಿದಿರು ಗಳುವಿನ ಅಟ್ಟ. ಯುಗಾದಿಗೆ ಮುಂಚೆ ಆಕೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ರಾಡು ಹಾಕಿದ ಡಾಕ್ಟರು, ಮೂರು ತಿಂಗಳು ಎತ್ತಿ ಇಳಿಸುವವರು ಬೇಕು ಎಂದರು. ಗಿರಿಜಾಂಬಿಕಾ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಕು ಹರಿಯುವ ಮುಂಚೆ ಒಮ್ಮೆ, ಹೊತ್ತು ಮುಳುಗುವಾಗ ಒಮ್ಮೆ ಅಲ್ಲಿ ನಿಲ್ಲಬೇಕು.

“ಅತ್ತೆ ಬಟ್ಟೆ ಬದಲಾಯಿಸಿ ಅದೇ ಕೈಯಲ್ಲಿ ಊರ ಹಾಲು ಅಳೀಲಾ?” ಎಂದು ಅವಳು ಕೇಳಿದಳು. ಹಾಗಾಗಿ ‘ನೆರಳು’.

ಖರ್ಚಿಗೆ ದಾರಿಯನ್ನೂ ಅವಳೇ ತೋರಿಸಿದ್ದಳು. “ಅವರ ಅಟ್ಟದ ಕಾಯಿ ಇದೆಯಲ್ಲ. ಕೊಬ್ಬರಿ ಆಗ್ಲಿ. ಅವರ ಖರ್ಚಿಗೆ ಅವರ ಕೊಬ್ಬರಿ. ಅಲ್ಲೀವರೆಗೂ ನನ್ನ ಸಂಬಳದಲ್ಲಿ ಕಟ್ಟೋಣ, ಆಮೇಲೆ ಅದರಲ್ಲಿ ತಗೊಳ್ಳೋಣ.”

ಕಾಯಿ ಕೊಬ್ಬರಿಯಾಗುವುದು ಸುಲಭವಲ್ಲ. ಬಲಿತ ಕಾಯಿಯನ್ನು ಮಟ್ಟೆ ಸುಲಿಯದೆ ಅಟ್ಟಕ್ಕೆ ಏರಿಸಿ ವರ್ಷ ಕಾಯಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗಬೇಕು. ಮಳೆಗಾಲದಲ್ಲಿ ಅಟ್ಟದ ಕೆಳಗೆ ದಿನವೂ ಹೊಗೆಯಾಡಬೇಕು. ಉರಿ ಎದ್ದರೆ ಅಟ್ಟ ಹೋಯಿತು, ಹೊಗೆ ನಿಂತರೆ ಕಾಯಿ ಹೋಯಿತು. ಗುರುಶಾಂತಮ್ಮ ಸೊಸೆಯಾಗಿ ಬಂದಾಗಿನಿಂದ ಆ ಒಲೆಯ ಮುಂದೆ ಕೂತವಳು. ಕಾಯಿ ಆಯಿತೋ ಇಲ್ಲವೋ ಎಂದು ತಿಳಿಯಲು ಆಕೆ ಒಡೆಯಬೇಕಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. “ಇನ್ನೂ ನೀರೈತೆ.” “ನೀರು ಹೋಗೈತೆ, ತಿರುಳು ಬಿಟ್ಟಿಲ್ಲ.” “ಆಗೈತೆ, ಇಳಿಸ್ಕಳ್ರಪ್ಪ.” ಊರಿನವರು ತಮ್ಮ ಅಟ್ಟದ ಕಾಯನ್ನೂ ಚೀಲದಲ್ಲಿ ತಂದು ಆಕೆಯ ಕಿವಿಗೆ ತೋರಿಸಿಕೊಂಡು ಹೋಗುತ್ತಿದ್ದರು.

‘ನೆರಳಿ’ಗೆ ಹೋದ ಮೇಲೂ ಆಕೆ ದಿನಾ ಸಂಜೆ ಫೋನು ಮಾಡುತ್ತಿದ್ದಳು. ಹೇಗಿದ್ದೀರಿ ಎಂದು ಕೇಳುತ್ತಿರಲಿಲ್ಲ, ಹೇಗಿದ್ದೇನೆ ಎಂದು ಹೇಳುತ್ತಿರಲಿಲ್ಲ.

“ಒಲೆ ಹಚ್ಚಿದ್ರಾ?”

“ಹಚ್ಚಿದ್ವಿ ಅಜ್ಜಿ,” ಎನ್ನುತ್ತಿದ್ದಳು ಭಾನುಪ್ರಿಯಾ, ಟಿವಿಯಿಂದ ಕಣ್ಣು ಕೀಳದೆ.

“ಯಾವುದ್ರಲ್ಲಿ ಹಚ್ಚಿದ್ರಿ?”

“ಅಜ್ಜಿ, ಅದೇ… ಸೌದೇಲಿ.”

“ಸೌದೆ ಹಾಕ್ಬ್ಯಾಡ ಕಣವ್ವ, ಉರೀತದೆ. ಮಟ್ಟೆ ಹಾಕು. ಮಟ್ಟೆ ಮೇಲೆ ಒಂದಿಷ್ಟು ನೀರು ಚಿಮುಕ್ಸು. ನಿಮ್ಮಪ್ಪನ್ನ ಕರಿ.”

“ಅಪ್ಪ ತೋಟಕ್ಕೆ ಹೋಗಿದಾರೆ.”

ಅಪ್ಪ ಪಕ್ಕದಲ್ಲೇ ಕೂತು ಕಡಲೆಕಾಯಿ ಬಿಡಿಸುತ್ತಿರುತ್ತಿದ್ದ. ಮೊದಮೊದಲು ಯಾರಾದರೊಬ್ಬರು ಹೋಗಿ ನಾಲ್ಕು ಮಟ್ಟೆ ಹಚ್ಚಿ ಬರುತ್ತಿದ್ದರು. ಫೋನು ಬರುತ್ತದೆ, ಸುಳ್ಳು ಹೇಳಬೇಕಾಗುತ್ತದೆ ಎಂಬ ಮುಜುಗರಕ್ಕಾದರೂ ಹಚ್ಚುತ್ತಿದ್ದರು.

ಜ್ಯೇಷ್ಠದಲ್ಲಿ ಬಂದ ಬಿಲ್ಲಿನಲ್ಲಿ ವ್ಯಾಯಾಮದ ಖರ್ಚು ಏರಿತ್ತು. ಅಂದು ಗಿರಿಜಾಂಬಿಕಾ ಊಟ ಮುಗಿಸಿ ಕೈ ಒಣಗುವವರೆಗೂ ಏಳಲಿಲ್ಲ.

“ಭಾನು, ಅಜ್ಜಿ ಹೆಸರಲ್ಲಿ ಏನೇನು ಕಟ್ತಾ ಇದೀಯ ಹೇಳು. ಒಂದೊಂದೇ ನಿಲ್ಸೋಣ.”

“ಹಳೆಮನೆ ಡಿಶ್ಶು.”

“ನಿಲ್ಸು. ಯಾರು ನೋಡ್ತಾರೆ, ಇಲಿಗಳಾ?”

“ಅಜ್ಜಿಗೆ ಅಂತ ಬರೋ ಅರ್ಧ ಲೀಟರ್ ಹಾಲು.”

“ಅದು ಅವರು ಹೋದ ದಿನಾನೇ ನಿಲ್ಸಿದೀನಿ.”

“ಹಳೆಮನೆ ಕರೆಂಟು.”

“ಅದ್ನ ಮುಟ್ಬ್ಯಾಡ್ರಿ,” ಎಂದ ತೋಂಟದಾರ್ಯ. “ಅದಕ್ಕೆ ಬಿಲ್ಲು ಸೊನ್ನೆ ಬತ್ತದೆ. ನಮ್ಮ ಫ್ರಿಜ್ಜಿಗೂ ಅಲ್ಲಿಂದಲೇ ವೈರು ಎಳ್ಕಂಡಿವ್ನಿ.”

“ಇನ್ನು ಅಜ್ಜಿ ಫೋನ್ ರೀಚಾರ್ಜು.”

ಗಿರಿಜಾಂಬಿಕಾ ಗಂಡನ ಮುಖ ನೋಡಿದಳು. ಅವನು ತಟ್ಟೆಯಲ್ಲಿ ಕೈ ತೊಳೆದ.

“ಅಲ್ಲಿ ಆಯಾಗಳ ಹತ್ರ ಫೋನ್ ಇರುತ್ತೆ. ಏನಾದ್ರೂ ಆದ್ರೆ ಅವರೇ ಮಾಡ್ತಾರೆ. ದಿನಾ ಒಲೆ ಹಚ್ಚಿದ್ರಾ ಒಲೆ ಹಚ್ಚಿದ್ರಾ ಅಂತ ಕೇಳೋಕೆ ನಾವು ದುಡ್ಡು ಕಟ್ಟಬೇಕಾ?” ಎಂದಳು ಅವಳು.

“ಅವ್ವ ನೊಂದ್ಕತಾಳೆ ಕಣೇ.”

“ಹಂಗಾದ್ರೆ ನಿಮ್ಮ ಗುಟ್ಕಾ ದುಡ್ಡಲ್ಲಿ ಹಾಕ್ಸಿ.”

ತೋಂಟದಾರ್ಯ ಎದ್ದು ಹೋದ. ಆ ತಿಂಗಳು ರೀಚಾರ್ಜು ಆಗಲಿಲ್ಲ.

ಮೊದಲ ಸಂಜೆ ಫೋನು ಬಾರದಿದ್ದಾಗ ಮನೆಯಲ್ಲಿ ಏನೋ ತಪ್ಪಿದಂತಾಯಿತು. ಎರಡನೆಯ ಸಂಜೆ ಹಾಗನಿಸಲಿಲ್ಲ. ಕೇಳುವವರು ಇಲ್ಲದ ಮೇಲೆ ಒಲೆ ಹಚ್ಚುವವರೂ ಇಲ್ಲವಾದರು. ಆಷಾಢದ ಮಳೆ ಹಿಡಿಯಿತು. ಹೆಂಚಿನ ಸಂದಿಯಿಂದ ಎರಚಲು ಅಟ್ಟಕ್ಕೆ ಬಡಿಯಿತು. ಒಲೆಯ ಬೂದಿಯಲ್ಲಿ ಬೆಕ್ಕು ಮರಿ ಹಾಕಿತು.

ಮಾಯಸಂದ್ರದಲ್ಲಿದ್ದ ತೋಂಟದಾರ್ಯನ ತಂಗಿ ವಸಂತ ತಾಯಿಯನ್ನು ನೋಡಲು ತಿಪಟೂರಿಗೆ ಹೋಗಿದ್ದವಳು ನೆಟ್ಟಗೆ ಹಂದನಕೆರೆಯ ಬಸ್ಸು ಹತ್ತಿ ಬಂದಳು. ಚಪ್ಪಲಿ ಬಿಡುವ ಮೊದಲೇ ಬಾಯಿ ಬಿಟ್ಟಳು.

“ಅಣ್ಣಾ, ಅವ್ವ ಸತ್ತ ಫೋನ್ನ ಸೆರಗಲ್ಲಿ ಕಟ್ಕೊಂಡು ಕೂತವ್ಳೆ. ಹೋದವರಿಗೆಲ್ಲ ಇದು ಯಾಕೆ ಮಾತಾಡಲ್ಲ ನೋಡ್ರಪ್ಪ ಅಂತ ತೋರಿಸ್ತವ್ಳೆ. ನಿಮಗೆ ಮಾನ ಐತಾ?”

“ಬಾಮ್ಮ, ಒಳಗೆ ಬಾ. ಊಟ ಮಾಡು,” ಎಂದಳು ಗಿರಿಜಾಂಬಿಕಾ.

“ಊಟ ಬೇಡ ಅತ್ತಿಗೆ. ಇನ್ನೂರೋ ಮುನ್ನೂರೋ ರೀಚಾರ್ಜಿಗೆ ಗತಿ ಇಲ್ವಾ ಈ ಮನೇಲಿ?”

“ಇಲ್ಲಮ್ಮ. ನೀನು ಹಾಕ್ಸು.”

ವಸಂತ ಆಗ ಚಪ್ಪಲಿ ಬಿಟ್ಟಳು. “ಅಯ್ಯೋ, ನನ್ನ ಫೋನಿಗೇ ನಮ್ಮನೆಯವರು ಲೆಕ್ಕ ಕೇಳ್ತಾರೆ.”

“ಮತ್ತೆ ತಿಂಗಳ ಬಿಲ್ಲಲ್ಲಿ ಕಾಲು ಭಾಗ ಕೊಡ್ತೀಯಾ?”

“ಹೆಣ್ಮಕ್ಕಳ ಹತ್ರ ಯಾರಾದ್ರೂ ಕೇಳ್ತಾರಾ? ತೋಟ ಯಾರಿಗೆ ಬಂತು?”

“ಹಂಗಾದ್ರೆ ಮಾನನೂ ತೋಟದ ಜೊತೆ ನಮಗೇ ಬಂದಿದೆ ಬಿಡು. ಕೂತ್ಕೋ. ಹುರುಳಿಕಾಳು ಸಾರು ಮಾಡಿದೀನಿ.”

ವಸಂತ ಕೂತಳು, ಎರಡು ಮುದ್ದೆ ಉಂಡಳು, ಸಂಜೆ ಬಸ್ಸಿಗೆ ಹೋಗುವಾಗ ಒಂದು ಚೀಲ ಕಾಯಿ ಹಾಕಿಸಿಕೊಂಡಳು. ರೀಚಾರ್ಜಿನ ಮಾತು ಮತ್ತೆ ಬರಲಿಲ್ಲ.

ಕೊಬ್ಬರಿ ವ್ಯಾಪಾರದ ಈರಣ್ಣ ಬಂದದ್ದು ಭೀಮನ ಅಮಾವಾಸ್ಯೆಯ ಹಿಂದಿನ ದಿನ. ತಿಪಟೂರಿನಲ್ಲಿ ಮಂಡಿ ಇಟ್ಟುಕೊಂಡಿದ್ದ ಅವನು ವರ್ಷವೂ ಗುರುಶಾಂತಮ್ಮನ ಅಟ್ಟದ ಕೊಬ್ಬರಿಯನ್ನು ಕಣ್ಣು ಮುಚ್ಚಿ ಕೊಳ್ಳುತ್ತಿದ್ದವನು. ಏಣಿ ಹತ್ತಿ ಅಟ್ಟಕ್ಕೆ ತಲೆ ಹಾಕಿದ. ಮೂಗು ಮುಚ್ಚಿಕೊಂಡು ಇಳಿದ. ಕೈಗೆ ಸಿಕ್ಕಿದ ಐದಾರು ಕಾಯಿ ತಂದು ಒಗೆಯುವ ಕಲ್ಲಿನ ಮೇಲೆ ಒಡೆದ. ಒಂದು ಮೊಳಕೆ ಬಂದಿತ್ತು. ಎರಡರಲ್ಲಿ ಬೂಷ್ಟು. ಒಂದು ಕೊಳೆತು ಕೀವಿನಂತೆ ಸುರಿಯಿತು.

“ಒಲೆ ಹಚ್ಚಿ ಎಷ್ಟು ದಿನ ಆಯ್ತು?”

ತೋಂಟದಾರ್ಯ ಒಡೆದ ಚಿಪ್ಪುಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

“ಅಮ್ಮಾವ್ರು ಎಲ್ಲಿ?”

“ತಿಪಟೂರಲ್ಲಿ,” ಎಂದ ತೋಂಟದಾರ್ಯ.

“ಅಂಗಾದ್ರೆ ಕೊಬ್ಬರಿನೂ ತಿಪಟೂರಲ್ಲೇ ಹುಡೀಕ್ಕಳಿ.” ಈರಣ್ಣ ಕೈ ತೊಳೆದುಕೊಂಡ. “ಪೂರ್ತಿ ಹೋಗಿಲ್ಲ. ಕೆಟ್ಟಿದ್ದು ಆರ್ಸಿ ತೆಗೆದು, ಇವತ್ತಿಂದ ದಿನಾ ಹದವಾಗಿ ಹೊಗೆ ಕೊಟ್ರೆ ಮುಕ್ಕಾಲು ಪಾಲು ಉಳೀತದೆ. ರೇಟು ಯಾವತ್ತೂ ಕಾಣದಂಗೆ ಏರೈತೆ. ನಿಮ್ಮಿಷ್ಟ.”

ಅಂದು ಸಂಜೆ ಗಿರಿಜಾಂಬಿಕಾ ಬೆಕ್ಕಿನ ಮರಿಗಳನ್ನು ಮೂಲೆಗೆ ಸರಿಸಿ ತಾನೇ ಒಲೆ ಹಚ್ಚಿದಳು. ಹಸಿ ಮಟ್ಟೆ ಹೊತ್ತಲಿಲ್ಲ. ಸೀಮೆಎಣ್ಣೆ ಸುರಿದಳು. ಭಗ್ಗೆಂದು ಎದ್ದ ಉರಿ ಅಟ್ಟದ ಗಳುವನ್ನು ನೆಕ್ಕಿತು. ತೋಂಟದಾರ್ಯ ಓಡಿ ಬಂದು ಬಿಂದಿಗೆ ನೀರನ್ನು ಮೇಲಕ್ಕೆ ಎರಚಿದ. ಉರಿ ಆರಿತು, ಕಾಯೆಲ್ಲ ನೆನೆಯಿತು.

“ನೀರು ಯಾಕ್ರೀ ಹಾಕಿದ್ರಿ ಕಾಯಿ ಮೇಲೆ!”

“ಮನೆ ಸುಟ್ಟೋಗ್ಲಿ ಅಂತ ಬುಡ್ಬೇಕಿತ್ತಾ? ಒಂದು ಒಲೆ ಹಚ್ಚಾಕೆ ಬರಕಿಲ್ಲ ನಿಂಗೆ.”

“ನಿಮಗೆ ಬರುತ್ತಾ? ನಿಮ್ಮವ್ವನ ಹೊಟ್ಟೇಲಿ ತಾನೆ ಹುಟ್ಟಿದ್ದು?”

ಕೆಮ್ಮುತ್ತ ಹೊಸಮನೆಗೆ ಬಂದು ಕೂತ ಮೇಲೆ ಅವಳೇ ಹೇಳಿದಳು, “ಅತ್ತೇನ ಕರ್ಕೊಂಡು ಬನ್ನಿ.”

“ಎತ್ತಿ ಇಳಿಸೋರು ಯಾರಮ್ಮ?” ಎಂದಳು ಭಾನುಪ್ರಿಯಾ.

“ಅವರು ವಾಕರ್ ಹಿಡ್ಕೊಂಡು ಓಡಾಡೋಕೆ ಶುರು ಮಾಡಿ ತಿಂಗಳಾಯ್ತಂತೆ. ಆವಾಗ್ಲೇ ನೆರಳಿನವರು ಫೋನ್ ಮಾಡಿದ್ರು, ಕರ್ಕೊಂಡು ಹೋಗಬಹುದು ಅಂತ. ನಾನೇ ಏನೂ ಹೇಳಿರಲಿಲ್ಲ.”

ತೋಂಟದಾರ್ಯ ಹೆಂಡತಿಯನ್ನು ನೋಡಿದ. ಬೈಯಲಿಲ್ಲ. ಕಾರು ಯಾರದು ಸಿಗುತ್ತದೆ ಎಂದು ಕೇಳಿದ.

ಗುರುಶಾಂತಮ್ಮ ಕಾರಿನಿಂದ ಇಳಿದವಳು ಹೊಸಮನೆಯ ಕಡೆ ತಿರುಗಲಿಲ್ಲ. ವಾಕರ್ ಊರಿಕೊಂಡು ಹಿತ್ತಲಿಗೆ ನಡೆದಳು. ಬಾಗಿಲಲ್ಲೇ ನಿಂತು ಗಾಳಿ ಎಳೆದುಕೊಂಡಳು.

“ಯಾರ್ಲಾ ಇದ್ಕೆ ನೀರು ಹಾಕಿದ್ದು?”

“ಮಳೆ ಅವ್ವ.”

“ಮಳೆಗೆ ಸೀಮೆಎಣ್ಣೆ ವಾಸ್ನೆ ಇರ್ತದೇನ್ಲಾ?” ಆಕೆ ಮಗನಿಗೆ ಹೇಳಿ ಬೆಕ್ಕಿನ ಮರಿಗಳನ್ನು ಗೋಣಿಯ ಮೇಲೆ ಮಲಗಿಸಿದಳು, ಒಲೆ ಗೋರಿಸಿದಳು, ಅವನನ್ನೇ ಅಟ್ಟ ಹತ್ತಿಸಿದಳು. “ಒಂದೊಂದೇ ಕೊಡು. ಎಸೀಬ್ಯಾಡ.” ಹೊತ್ತು ಮುಳುಗುವವರೆಗೂ ಅವನು ಮೇಲಿಂದ ಕೊಟ್ಟ, ಆಕೆ ಕೆಳಗೆ ಕುರ್ಚಿಯಲ್ಲಿ ಕೂತು ಕಿವಿಗೆ ಹಿಡಿದು ಅಲ್ಲಾಡಿಸಿ ಇದು ಈ ಕಡೆ, ಇದು ಆ ಕಡೆ ಎಂದಳು. ಕೆಟ್ಟದ್ದು ತಿಪ್ಪೆಗೆ ಹೋಯಿತು. ಉಳಿದದ್ದು ಮತ್ತೆ ಏರಿತು. ಮಾರನೆಯ ಬೆಳಿಗ್ಗೆ ಆಕೆ ವಿಭೂತಿ ಹಚ್ಚಿಕೊಂಡು ಒಲೆಯ ಮುಂದೆ ಕೂತಳು. ಕೆಳಗೆ ಕರಟ, ಮೇಲೆ ಮಟ್ಟೆ, ಅದರ ಮೇಲೆ ಚಿಮುಕಿಸಿದ ನೀರು. ಹೆಂಚಿನ ಸಂದಿಯಿಂದ ತೆಳ್ಳಗೆ ಹೊಗೆ ಎದ್ದದ್ದನ್ನು ಕಂಡು ದಾರಿಯಲ್ಲಿ ಹೋಗುವವರು, “ಅಮ್ಮ ಬಂದವ್ರೆ,” ಎಂದರು.

ಭಾನುಪ್ರಿಯಾ ಬಂದು, “ಅಜ್ಜಿ, ರೀಚಾರ್ಜು ಹಾಕಿದೀನಿ,” ಎಂದು ಫೋನು ಕೊಟ್ಟಳು.

“ಇನ್ನು ಅದು ಯಾಕೆ ಬುಡವ್ವ. ನಾನೇ ಇಲ್ಲೇ ಇವ್ನಲ್ಲ,” ಎಂದು ಅಜ್ಜಿ ನಕ್ಕಳು. ಆದರೂ ತೆಗೆದುಕೊಂಡು ಸೆರಗಿಗೆ ಕಟ್ಟಿದಳು.

ಗಿರಿಜಾಂಬಿಕಾ ಹೊಗೆಗೆ ಒಳಗೆ ಬರುತ್ತಿರಲಿಲ್ಲ. ಊಟದ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಕೂಗುತ್ತಿದ್ದಳು. ವಾಕರ್ ಹಿಡಿದ ಕೈಯಲ್ಲಿ ತಟ್ಟೆ ಎತ್ತಲು ಬರುವುದಿಲ್ಲ. ಗುರುಶಾಂತಮ್ಮ ಹೊಸ್ತಿಲವರೆಗೆ ಬಂದು ಅಲ್ಲೇ ಕೂತು ಉಣ್ಣುತ್ತಿದ್ದಳು. ಸಾರು ಆರಿರುತ್ತಿತ್ತು. ಆಕೆ ಒಂದು ದಿನವೂ ಅದನ್ನು ಆಡಿ ತೋರಿಸಲಿಲ್ಲ.

ಗೌರಿ ಹಬ್ಬದ ಹೊತ್ತಿಗೆ ಒಂದು ಲಾರಿ ಬಂದು ಬೇಲಿಯ ಪಕ್ಕ ನಿಂತಿತು. ತೋಟದಲ್ಲಿ ಮರ ಹತ್ತಿದವರು ಗೊನೆಗೊನೆಯಾಗಿ ಎಳನೀರು ಇಳಿಸಿದರು. ಗುರುಶಾಂತಮ್ಮ ಬಾಗಿಲಿಗೆ ಬಂದಳು.

“ತೋಂಟಣ್ಣ, ಎಲ್ಲಾನೂ ಎಳೇದ್ರಲ್ಲೇ ಕೀಳಿಸ್ತಿದೀಯಲ್ಲಾ, ಅಟ್ಟಕ್ಕೆ ಏನ್ಲಾ ಹಾಕ್ತೀಯ?”

“ಈ ಸಲ ಅಟ್ಟಕ್ಕೆ ಇಲ್ಲ ಅವ್ವ. ಎಳನೀರಿಗೆ ರೇಟು ಬಂದೈತೆ. ಕಿತ್ತ ದಿನಾನೇ ಕೈಗೆ ದುಡ್ಡು. ಕೊಬ್ಬರಿಗೆ ಅಂತ ವರ್ಷ ಕಾಯೋರ್ಯಾರು?”

“ಬರೋ ವರ್ಷ?”

“ನೋಡಾನ ಬುಡು.”

ಅವನ ಕಣ್ಣು ಲಾರಿಯ ಮೇಲಿತ್ತು. ಅಂದು ಸಂಜೆ ಆಕೆ ಒಲೆಗೆ ಮಟ್ಟೆ ಜೋಡಿಸುತ್ತಿದ್ದಾಗ, ಒಗೆಯುವ ಕಲ್ಲಿನಾಚೆ, ಹೊಸಮನೆಯ ಅಡುಗೆಮನೆಯಿಂದ ಮಾತು ಬಂತು.

“ಅಮ್ಮ, ನೆರಳಿಂದ ಮೆಸೇಜು. ಅಜ್ಜಿ ಹಾಸಿಗೇನ ಬೇರೆಯವರಿಗೆ ಕೊಡದೆ ಹಿಡಿದಿಡೋಕೆ ಈ ತಿಂಗಳದ್ದೂ ಅರ್ಧ ಹಾಕಿ ಅಂತ.”

“ಹಾಕು. ದೀಪಾವಳಿವರೆಗೆ ತಾನೆ. ಕೊಬ್ಬರಿ ಇಳಿದ ಮೇಲೆ ಯಾರಿಗೆ ಬೇಕು ಆ ಹೊಗೆ.”

“ಮೆಲ್ಲಗೆ ಮಾತಾಡೇ,” ಇದು ತೋಂಟದಾರ್ಯ. “ಅವ್ವನ ಕಿವಿ ಗೊತ್ತಲ್ಲ.”

ಗುರುಶಾಂತಮ್ಮನ ಕೈಯ ಮಟ್ಟೆ ಒಲೆಯ ಬಾಯಲ್ಲೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಒಳಗೆ ನೂಕಿದಳು. ಹೊಸ್ತಿಲ ಮೇಲೆ ಬಂದ ತಟ್ಟೆಯಲ್ಲಿ ಅಂದು ಹಬ್ಬದ ಹೋಳಿಗೆ ಇತ್ತು. ಅದನ್ನು ಬೆಕ್ಕು ತಿಂದಿತು.

ದೀಪಾವಳಿ ಬಂತು, ಹೋಯಿತು. ಅಕ್ಕಪಕ್ಕದ ಅಟ್ಟಗಳು ಖಾಲಿಯಾದವು. ಗಿರಿಜಾಂಬಿಕಾ ಪಾತ್ರೆ ತೊಳೆಯುತ್ತ ಕೇಳಿದಳು, “ಏನತ್ತೆ, ಎಲ್ಲರ ಮನೇದೂ ಇಳೀತು. ನಮ್ಮದು?”

ಗುರುಶಾಂತಮ್ಮ ಒಂದು ಕಾಯಿ ಎತ್ತಿ ಕಿವಿಗೆ ಹಿಡಿದಳು. ಒಳಗೆ ಉಂಡೆ ಚಿಪ್ಪಿಗೆ ಬಡಿದು ಕಟಕಟ ಎಂದಿತು, ಒಣಮರದ ಬಾಗಿಲು ತಟ್ಟಿದ ಹಾಗೆ.

“ಇನ್ನೂ ಇಲ್ಲ,” ಎಂದಳು.

ವಾರ ಬಿಟ್ಟು ಮತ್ತೆ ಕೇಳಿದರು. “ಇನ್ನೂ ಇಲ್ಲ. ನೆಂದಿದ್ದ ಕಾಯಿ, ತಡ ಆಗ್ತದೆ.”

ಮತ್ತೊಂದು ವಾರಕ್ಕೆ ತೋಂಟದಾರ್ಯ ತಾನೇ ಒಂದನ್ನು ಅಲ್ಲಾಡಿಸಿ ನೋಡಿದ. “ಕೇಳಿಸ್ತಾ ಐತಲ್ಲವ್ವ?”

“ಅದು ನೀರು ಕಣ್ಲಾ. ನಿಂಗೆ ಯಾವತ್ತು ಗೊತ್ತಾಗಿತ್ತು?”

ಅವನಿಗೆ ಯಾವತ್ತೂ ಗೊತ್ತಾಗಿರಲಿಲ್ಲ. ತಲೆ ಕೆರೆದುಕೊಂಡು ಹೋದ. ಆಕೆ ಬೆಳಿಗ್ಗೆ ಎದ್ದು, ಬೇಕಿಲ್ಲದ ಒಲೆಯನ್ನು ಹಚ್ಚಿ, ಆಗಿಹೋದ ಕೊಬ್ಬರಿಗೆ ಹೊಗೆ ಕೊಡುತ್ತ ಕೂತಳು. ಹೊಸಮನೆಯಲ್ಲಿ ತಿಂಗಳಿಗೊಮ್ಮೆ ಅರ್ಧ ಬಿಲ್ಲಿನ ಜಗಳ ಏಳುತ್ತಿತ್ತು. “ಮಲಗದ ಮಂಚಕ್ಕೆ ದುಡ್ಡು ಕಟ್ತಿರೋರು ನಾವೊಬ್ಬರೇ ಇರಬೇಕು,” ಎಂದು ಗಿರಿಜಾಂಬಿಕಾ ಕೂಗುತ್ತಿದ್ದಳು. ಗೋಡೆಯ ಈಚೆ ಗುರುಶಾಂತಮ್ಮ ಮಟ್ಟೆ ಸರಿಮಾಡುತ್ತಿದ್ದಳು.

ಕಾರ್ತೀಕದ ಕೊನೆಯಲ್ಲಿ ಗಿರಿಜಾಂಬಿಕಾ ಅತ್ತೆಗೆ ಹೇಳದೆ ಈರಣ್ಣನನ್ನು ಕರೆಸಿದಳು. ಅವನು ಏಣಿ ಹತ್ತಲಿಲ್ಲ. ಬಾಗಿಲ ಬಳಿ ಉರುಳಿದ್ದ ಒಂದನ್ನು ಎತ್ತಿ ಒಂದೇ ಸಲ ಅಲ್ಲಾಡಿಸಿ ಜೋರಾಗಿ ನಕ್ಕ.

“ಏನಮ್ಮಾ, ಇದು ಆಗಿ ತಿಂಗಳ ಮೇಲಾಗೈತೆ! ಸುಮ್ನೆ ತೂಕ ಕಳೀತಾ ಐತೆ. ಇಷ್ಟು ದಿನ ಯಾಕೆ ಇಟ್ಕಂಡ್ರಿ?”

“ನಮ್ಮತ್ತೆ ಆಗಿಲ್ಲ ಅಂದ್ರು,” ಎಂದಳು ಗಿರಿಜಾಂಬಿಕಾ.

“ಗುರುಶಾಂತಮ್ಮೋರಾ? ಅವರ್ಗೆ ಇದು ಗೊತ್ತಾಗ್ಲಿಲ್ವಾ? ಹಸುಗೂಸಿಗೂ ಕೇಳ್ತದಲ್ಲಮ್ಮ ಇದು.” ಅವನು ಕಾಯಿಯನ್ನು ಒಲೆಯ ಮುಂದೆ ಕೂತಿದ್ದ ಗುರುಶಾಂತಮ್ಮನ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ. ಕಟಕಟ.

ಮೂವರೂ ಆಕೆಯನ್ನೇ ನೋಡುತ್ತಿದ್ದರು, ಮಗ, ಸೊಸೆ, ವ್ಯಾಪಾರದವನು. ಸುಳ್ಳು ಹೇಳಿದೆ ಎಂದರೆ ಯಾಕೆ ಎಂದು ಹೇಳಬೇಕಿತ್ತು. ಗುರುಶಾಂತಮ್ಮ ಮಗನ ಮುಖ ನೋಡಿದಳು. ಅವನು ನೆಲ ನೋಡಿದ.

“ನಂಗೆ ಕೇಳಿಸ್ಲಿಲ್ಲ ಕಣಪ್ಪ,” ಎಂದಳು ಆಕೆ. “ಕಿವಿ ಹೋಗೈತೆ ಅಂತ ಕಾಣ್ತದೆ.”

“ಅಯ್ಯೋ,” ಎಂದ ಈರಣ್ಣ. “ಅದೊಂದು ಇತ್ತು. ಅದೂ ಹೋಯ್ತಾ?”

ಗಿರಿಜಾಂಬಿಕಾ ಅತ್ತೆಯ ಬೆನ್ನ ಹಿಂದೆ ಹೋಗಿ ನಿಂತು, ಮಾಮೂಲಿ ದನಿಯಲ್ಲಿ ಕೇಳಿದಳು, “ಅತ್ತೆ, ಕಾಫಿ ಬೇಕಾ?”

ಗುರುಶಾಂತಮ್ಮ ತಿರುಗಲಿಲ್ಲ. ಒಲೆಯನ್ನೇ ನೋಡುತ್ತ ಕೂತಿದ್ದಳು.

“ನಿಜವಾಗ್ಲೂ ಹೋಗಿದೆ ಕಣ್ರೀ,” ಎಂದು ಗಿರಿಜಾಂಬಿಕಾ ನಕ್ಕಳು. “ಅದಕ್ಕೇ ಇಷ್ಟು ದಿನ ಏನಂದ್ರೂ ತಿರುಗಿ ಆಡ್ತಿರಲಿಲ್ಲ.”

ಎರಡು ದಿನದಲ್ಲಿ ಅಟ್ಟ ಖಾಲಿಯಾಯಿತು. ಆಳುಗಳು ಮಟ್ಟೆ ಸುಲಿದು ಚಿಪ್ಪು ಒಡೆದು ಉಂಡೆ ಬಿಡಿಸಿದರು. ಉಂಡೆಗಳು ಕಂದು ಬಣ್ಣಕ್ಕೆ ಮಿರಮಿರ ಮಿಂಚುತ್ತಿದ್ದವು. ಈರಣ್ಣ ಒಂದನ್ನು ಕಚ್ಚಿ, “ಕಿವಿ ಹೋದ್ರೂ ಕೈ ಹೋಗಿಲ್ಲ,” ಎಂದ. ಚೀಲಗಳು ಹೋದವು. ಗಿರಿಜಾಂಬಿಕಾ ತನ್ನ ಸಂಬಳದಿಂದ ಕಟ್ಟಿದ್ದನ್ನೆಲ್ಲ ಮೊದಲು ಎತ್ತಿಟ್ಟುಕೊಂಡಳು. ಮಟ್ಟೆ ಸುಲಿದ, ಚಿಪ್ಪು ಒಡೆಯದ ಒಂದು ಕಾಯನ್ನು ಗುರುಶಾಂತಮ್ಮ ಆಳಿನ ಕೈಯಿಂದ ಕೇಳಿ ಇಸಿದುಕೊಂಡು ಕೈಚೀಲಕ್ಕೆ ಹಾಕಿಕೊಂಡಳು.

ಕಾರು ಸೋಮವಾರ ಬಂತು. ಆಕೆಗೆ ಯಾರೂ ಏನೂ ಹೇಳಲಿಲ್ಲ. ಹೇಳಿದರೂ ಕೇಳುವುದಿಲ್ಲವಲ್ಲ. ಭಾನುಪ್ರಿಯಾ ಕೈ ತೋರಿಸಿದಳು, ಆಕೆ ಹತ್ತಿ ಕೂತಳು. ಮುಂದೆ ಮಗ, ಹಿಂದೆ ಸೊಸೆ ಮೊಮ್ಮಗಳ ನಡುವೆ ಆಕೆ. ಊರು ದಾಟುವ ಮೊದಲೇ ಮಾತು ಶುರುವಾಯಿತು. ಇಷ್ಟು ದಿನ ಮೆಲ್ಲಗೆ ಆಡಿದ್ದನ್ನೆಲ್ಲ ಈಗ ಪೂರ್ತಿ ದನಿಯಲ್ಲಿ ಆಡಿದರು.

“ಹಳೆಮನೆ ಹೆಂಚಿಗೆ ಗಿರಾಕಿ ಬಂದವ್ರೆ,” ಎಂದ ತೋಂಟದಾರ್ಯ. “ತೊಲೆ ಬೇರೆ, ಬಾಗಿಲು ಬೇರೆ ರೇಟು.”

“ಈ ವಾರಾನೇ ಕೀಳಿಸಿ. ಅಲ್ಲಿ ಕಾರ್ ಶೆಡ್ಡು ಹಾಕ್ಸೋಣ.”

“ಒಲೆ?”

“ಒಲೆ ಏನ್ರೀ ಒಲೆ. ಮಣ್ಣು. ಗುಂಡಿ ಮುಚ್ಚೋಕೆ ಆಗುತ್ತೆ.”

“ಅವ್ವ ಕೇಳಿದ್ರೆ?”

“ಕೇಳೋರು ಎಲ್ಲಿ ಬರ್ತಾರೆ? ಇನ್ನು ಬರೋದು ಒಂದೇ ಸಲ. ಆವಾಗ ಕೇಳಲ್ಲ.”

ತೋಂಟದಾರ್ಯ ಹಿಂದಕ್ಕೆ ತಿರುಗಿ ನೋಡಿದ. ತಾಯಿ ಗಾಜಿನಾಚೆಗೆ ನೋಡುತ್ತಿದ್ದಳು. ತೆಂಗಿನ ಸಾಲು ಹಾದುಹೋಗುತ್ತಿತ್ತು, ಆಕೆಯ ಮುಖ ಅಲುಗಲಿಲ್ಲ. ಅವನು ಮುಂದಕ್ಕೆ ತಿರುಗಿದ.

ಸ್ವಲ್ಪ ದೂರ ಹೋದ ಮೇಲೆ ಭಾನುಪ್ರಿಯಾ ಅಜ್ಜಿಯ ಭುಜಕ್ಕೆ ಒರಗಿ, ತುಟಿ ಅಲುಗಿಸದ ಹಾಗೆ ಉಸುರಿದಳು. “ಅಜ್ಜಿ, ನಿಂಗೆ ಕೇಳಿಸ್ತಾ ಇದೆ ಅಲ್ವಾ?”

ಗುರುಶಾಂತಮ್ಮ ತಿರುಗಲಿಲ್ಲ. ಕೈಚೀಲವನ್ನು ತೊಡೆಯ ಮೇಲೆ ಇನ್ನಷ್ಟು ಎಳೆದುಕೊಂಡಳು. ಹುಡುಗಿ ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದಳು. ಆಮೇಲೆ ಫೋನು ತೆಗೆದಳು.

“ಅಮ್ಮ, ಅಜ್ಜಿ ರೀಚಾರ್ಜು ನಾಳೆಗೆ ಮುಗಿಯುತ್ತೆ. ಹಾಕ್ಲಾ?”

“ಕಿವಿ ಕೇಳದೋರಿಗೆ ಫೋನ್ ಯಾಕೆ? ಇಸ್ಕೋ. ಡೈರಿಯಲ್ಲಿ ಅಲಾರಂ ಇಟ್ಕೊಳ್ಳೋಕೆ ಬೇಕು ನಂಗೆ.”

ಭಾನುಪ್ರಿಯಾ ಅಜ್ಜಿಯ ಸೆರಗಿನ ಗಂಟಿಗೆ ಕೈ ಹಾಕಿದಳು. ಗಂಟು ಬಿಗಿಯಾಗಿತ್ತು. ಗುರುಶಾಂತಮ್ಮ ತಾನೇ ಅದನ್ನು ಬಿಚ್ಚಿ, ಫೋನು ತೆಗೆದು ಮೊಮ್ಮಗಳ ಕೈಗಿಟ್ಟಳು. ಹುಡುಗಿಯ ಕೈ ಹಿಂದೆ ಸರಿಯಿತು. ಗಿರಿಜಾಂಬಿಕಾ, “ಸನ್ನೆ ಚೆನ್ನಾಗಿ ಅರ್ಥ ಆಗುತ್ತೆ ನೋಡು,” ಎಂದಳು.

‘ನೆರಳಿ’ನಲ್ಲಿ ಮೇಲ್ವಿಚಾರಕಿ ಬಾಗಿಲಿಗೇ ಬಂದಳು. ಹಿಡಿದಿಟ್ಟ ಹಾಸಿಗೆ ಕಿಟಕಿಯ ಪಕ್ಕದ್ದು. ಹಳೆಯ ದರಕ್ಕೆ ಈ ತಿಂಗಳಿಂದ ಸಾವಿರ ಹೆಚ್ಚು ಎಂದಳು.

“ಹೆಚ್ಚಾ? ಯಾವುದಾದ್ರೂ ಕಡಿಮೇದು ಇಲ್ವಾ ಮೇಡಂ?”

“ಒಂದಿದೆ. ಹಾಲ್‌ನಲ್ಲಿ, ಟಿವಿ ಕೆಳಗಿನ ಮಂಚ. ಬೆಳಿಗ್ಗೆಯಿಂದ ರಾತ್ರಿವರೆಗೂ ಟಿವಿ ಜೋರಾಗೇ ಇರುತ್ತೆ, ಇಲ್ಲಿ ಅರ್ಧ ಜನಕ್ಕೆ ಸರಿಯಾಗಿ ಕೇಳಲ್ಲ. ಅದಕ್ಕೆ ಆ ಮಂಚ ಯಾರೂ ಒಪ್ಪಲ್ಲ. ಮೂರು ಸಾವಿರ ಕಡಿಮೆ. ಆದರೆ ಪಾಪ, ಅಜ್ಜಿಗೆ ತಲೆ ಸಿಡಿಯುತ್ತೆ.”

“ಇವರಿಗೇನೂ ಆಗಲ್ಲ. ಪೂರ್ತಿ ಕಿವುಡು.” ಗಿರಿಜಾಂಬಿಕಾ ಗಂಡನ ಕಡೆ ತಿರುಗಿದಳು. “ಏನ್ರೀ?”

ತೋಂಟದಾರ್ಯ ತಾಯಿಯನ್ನು ನೋಡಿದ. ಆಕೆ ಅವನನ್ನೇ ನೋಡುತ್ತಿದ್ದಳು. ಆಗಲೂ ಆಕೆ ಬಾಯಿ ತೆರೆದಿದ್ದರೆ ಸಾಕಿತ್ತು.

“ಅದೇ ಇರ್ಲಿ ಬುಡಿ,” ಎಂದ ಅವನು.

ಮೊದಲ ತಿಂಗಳದ್ದನ್ನು ಭಾನುಪ್ರಿಯಾ ಅಲ್ಲೇ ನಿಂತು ಫೋನಿನಲ್ಲಿ ಕಟ್ಟಿದಳು. ಕಾರು ಹೋಯಿತು.

ಆಯಾ ಗುರುಶಾಂತಮ್ಮನನ್ನು ಮಂಚದ ಮೇಲೆ ಕೂರಿಸಿ, ಹೊದಿಕೆ ಕೊಟ್ಟು, ಏನೋ ಹೇಳಿ ಹೋದಳು. ತಲೆಯ ಮೇಲೆ ಧಾರಾವಾಹಿ ನಡೆಯುತ್ತಿತ್ತು. ಯಾವಳೋ ಅತ್ತೆ ಯಾವಳೋ ಸೊಸೆಯ ಮೇಲೆ ಕಿರುಚುತ್ತಿದ್ದಳು, ಅವಳ ಪ್ರತಿ ಮಾತಿಗೂ ನಗಾರಿ ಬಾರಿಸುತ್ತಿದ್ದರು. ಗುರುಶಾಂತಮ್ಮ ಕೈಚೀಲದಿಂದ ಕಾಯಿ ತೆಗೆದಳು. ಕಿವಿಗೆ ಒತ್ತಿ ಹಿಡಿದು ಅಲ್ಲಾಡಿಸಿದಳು. ಮತ್ತೊಂದು ಕಿವಿಗೆ ಹಿಡಿದು ಅಲ್ಲಾಡಿಸಿದಳು, ಜೋರಾಗಿ.

ಕೇಳಿಸಲಿಲ್ಲ.